ನಲವತ್ತೇಳು ವರ್ಷ ಮೈಯಲ್ಲಿ ಕಾಣಬೇಕು: ಈಜಿಪ್ಟಿನ ಸಂತ ಮರಿಯಳ ಐಕಾನ್ ವಿಮರ್ಶೆ

ವಿಮರ್ಶೆಗೆ ಎತ್ತಿಕೊಂಡಿರುವ ವಸ್ತು ಇದು: ಲಿಂಡೆನ್ ಮರದ ಹಲಗೆಯ ಮೇಲೆ ಮೊಟ್ಟೆಯ ಹಳದಿಯಲ್ಲಿ ಕಲಸಿದ ಬಣ್ಣದಿಂದ ಕೈಯಲ್ಲೇ ಬರೆದ ಈಜಿಪ್ಟಿನ ಸಂತ ಮರಿಯಳ ಐಕಾನ್ (ಪೂರ್ವದ ಕ್ರೈಸ್ತರು ಪ್ರಾರ್ಥನೆಗೆ ಇಟ್ಟುಕೊಳ್ಳುವ ಪವಿತ್ರ ಚಿತ್ರ), ಸುಮಾರು 24×30 ಸೆಂ.ಮೀ. ಅಳತೆಯದು. ಗ್ರೀಕ್ ಮತ್ತು ರಷ್ಯನ್ ಸಂಪ್ರದಾಯದ ಮಠಗಳ ಅಂಗಡಿಗಳಲ್ಲೂ ಐಕಾನ್ ಬರೆಯುವ ಕಮ್ಮಟಗಳಲ್ಲೂ ಮನೆಗೆಂದು ಕೊಳ್ಳುವವರು ಹೆಚ್ಚಾಗಿ ಕೇಳುವ ಅಳತೆ ಇದರ ಆಸುಪಾಸಿನದೇ. ಪಕ್ಕದಲ್ಲೇ ಅದೇ ಚಿತ್ರದ ಅಚ್ಚಿನ ಪ್ರತಿ ಹಲಗೆಗೆ ಅಂಟಿಸಿದ್ದು ಸಿಗುತ್ತದೆ; ಅಚ್ಚಿನ ಮೇಲೆ ಅಲ್ಲಲ್ಲಿ ಕುಂಚ ಆಡಿಸಿ 'ಕೈಕೆಲಸ' ಎಂದು ಮಾರುವ ಮೂರನೆಯ ಬಗೆಯೂ ಇದೆ. ತೀರ್ಪನ್ನು ಮೊದಲೇ ಹೇಳಿಬಿಡುವುದಾದರೆ, ಕೈಬರಹದ್ದು ಸರಿಯಾಗಿದ್ದರೆ ಕೊಟ್ಟ ಹಣಕ್ಕೆ ಮೋಸವಿಲ್ಲ. ಕೈಗೆಟುಕದಿದ್ದರೆ ಒಳ್ಳೆಯ ಹಳೆಯ ಐಕಾನಿನ ಅಚ್ಚು ಸಾಕು. ಮೂರನೆಯದನ್ನು ಮಾತ್ರ ಕೊಳ್ಳಬೇಡಿ.

ಮರದ ಗುಣ, ಚಿನ್ನದ ರೇಕು, ಮೇಲಿನ ಲೇಪ ಇವೆಲ್ಲಕ್ಕಿಂತ ಮೊದಲು ನೋಡಬೇಕಾದದ್ದು ಚಿತ್ರಕಾರನಿಗೆ ಈ ಸಂತಳ ಕಥೆ ಗೊತ್ತಿದೆಯೋ ಇಲ್ಲವೋ ಎಂಬುದು. ಮಾರುಕಟ್ಟೆಯಲ್ಲಿರುವ ಮರಿಯಳ ಐಕಾನುಗಳಲ್ಲಿ ಕಾಣುವ ದೊಡ್ಡ ದೋಷ ಕುಶಲತೆಯದಲ್ಲ. ಆಕೆಯನ್ನು ಚೆಲುವೆಯನ್ನಾಗಿ ಮಾಡುವ ಆಸೆಯದು.

ಲೆಕ್ಕ ಸುಲಭ. ಕಥೆಯನ್ನು ಬರಹಕ್ಕಿಳಿಸಿದವರು 634ರಿಂದ 638ರವರೆಗೆ ಜೆರುಸಲೇಮಿನ ಪಿತೃಪ್ರಧಾನರಾಗಿದ್ದ, ಎಂದರೆ ಅಲ್ಲಿನ ಕ್ರೈಸ್ತ ಸಭೆಯ ಮುಖ್ಯಸ್ಥರಾಗಿದ್ದ ಸೊಫ್ರೊನಿಯುಸ್ ಎಂದು ಪರಂಪರೆ ಹೇಳುತ್ತದೆ. ಅದಕ್ಕೂ ಮುಂಚೆ ಪ್ಯಾಲೆಸ್ತೀನಿನ ಸನ್ಯಾಸಿಗಳು ಬಾಯಿಂದ ಬಾಯಿಗೆ ಉಳಿಸಿಕೊಂಡು ಬಂದಿದ್ದರು. ಅದರ ಪ್ರಕಾರ ಮರಿಯ 12ನೆಯ ವಯಸ್ಸಿಗೆ ಮನೆ ಬಿಟ್ಟು ಅಲೆಕ್ಸಾಂಡ್ರಿಯಕ್ಕೆ ಬಂದಳು. ಅಲ್ಲಿ 17 ವರ್ಷಕ್ಕೂ ಮೇಲ್ಪಟ್ಟು ಕಾಮದ ಹಿಂದೆ ಬಿದ್ದು ಬದುಕಿದಳು. ಹಣಕ್ಕಾಗಿ ಅಲ್ಲ, ಹೊಟ್ಟೆಪಾಡಿಗೆ ಭಿಕ್ಷೆ ಬೇಡುತ್ತಿದ್ದಳು, ನಾರು ನೂಲುತ್ತಿದ್ದಳು. ಆಮೇಲೆ ಯೊರ್ದನ್ ನದಿ ದಾಟಿ ಮರುಭೂಮಿಯಲ್ಲಿ 47 ವರ್ಷ ಕಳೆದಳು. ಕೂಡಿಸಿದರೆ, ಜೋಸಿಮ ಎಂಬ ಸನ್ಯಾಸಿ ಆಕೆಯನ್ನು ಕಂಡಾಗ ಆಕೆಗೆ ಸುಮಾರು 76. ಐಕಾನ್ ತೋರಿಸುವುದು ಈ ಮರಿಯಳನ್ನು. ಮೂವತ್ತರ ಮುಖ, ತುಂಬಿದ ಕೆನ್ನೆ, ನಯವಾದ ತೋಳು ಕಂಡರೆ ಆ ಹಲಗೆಯನ್ನು ಅಲ್ಲೇ ಇಟ್ಟುಬಿಡಿ.

ಜೋಸಿಮನ ಕಣ್ಣಿಗೆ ಮೊದಲು ಬಿದ್ದದ್ದನ್ನು ಕಥೆ ನಿಖರವಾಗಿ ಹೇಳುತ್ತದೆ: ಬಿಸಿಲಿಗೆ ಸುಟ್ಟು ಕಪ್ಪಾದ ಬೆತ್ತಲೆ ಮೈ, ಉಣ್ಣೆಯಂತೆ ಬಿಳುಪಾದ ಕೂದಲು, ಅದೂ ಕುತ್ತಿಗೆಗಿಂತ ಕೆಳಕ್ಕೆ ಇಳಿಯದಷ್ಟು ಗಿಡ್ಡ. ಮೈ ಮುಚ್ಚಿಕೊಳ್ಳಲು ನಿನ್ನ ಹೊದಿಕೆ ಎಸೆ ಎಂದು ಆಕೆಯೇ ಕೇಳುತ್ತಾಳೆ. ಹಾಗಾಗಿ ಐಕಾನಿನಲ್ಲಿ ಆಕೆಯ ಮೇಲಿರುವ ಬಟ್ಟೆ ಆಕೆಯದಲ್ಲ, ಆತನದು. ಒಳ್ಳೆಯ ಚಿತ್ರಕಾರ ಅದನ್ನು ಎರವಲಿನ ಬಟ್ಟೆಯಾಗಿಯೇ ಬರೆಯುತ್ತಾನೆ: ಒಂದು ಭುಜದ ಮೇಲಿಂದ ಇಳಿದು ಸೊಂಟಕ್ಕೆ ಸುತ್ತಿಕೊಂಡಿರುತ್ತದೆ, ಇನ್ನೊಂದು ಭುಜ, ಎದೆಗೂಡು, ಮೊಣಕೈ ಹೊರಗೇ ಇರುತ್ತವೆ. ಪಕ್ಕೆಲುಬುಗಳನ್ನು ಒಂದೊಂದಾಗಿ ಎಣಿಸಲು ಆಗಬೇಕು. ಕೊರಳ ಕೆಳಗಿನ ಗುಳಿ ಆಳವಾಗಿರಬೇಕು. ಕೆಲವು ಕಮ್ಮಟಗಳು ಸಂಕೋಚಪಟ್ಟು ಆಕೆಗೆ ಕನ್ಯಾಸ್ತ್ರೀಯ ನಿಲುವಂಗಿಯನ್ನೂ ತಲೆವಸ್ತ್ರವನ್ನೂ ತೊಡಿಸುತ್ತವೆ. ಉದ್ದೇಶ ಒಳ್ಳೆಯದೇ, ಆದರೆ ಆಗ ಉಳಿಯುವುದು ಯಾವುದೋ ಒಬ್ಬ ಸಾಧ್ವಿಯ ಚಿತ್ರ. ಹೆಸರು ಅಳಿಸಿದರೆ ಯಾರೆಂದು ತಿಳಿಯದು.

ಮೈಬಣ್ಣ ಬರುವ ಬಗೆ ತಿಳಿದಿದ್ದರೆ ಕೆಲಸದ ಗುಣ ಬೇಗ ಸಿಗುತ್ತದೆ. ಐಕಾನಿನಲ್ಲಿ ಮುಖವನ್ನು ಕತ್ತಲೆಯಿಂದ ಬೆಳಕಿನತ್ತ ಬರೆಯುತ್ತಾರೆ. ಮೊದಲು ಕಡು ಹಸಿರು-ಕಂದು ತಳ, ರಷ್ಯನ್ನರು ಅದನ್ನು ಸಾಂಕಿರ್ ಎನ್ನುತ್ತಾರೆ. ಅದರ ಮೇಲೆ ಹಳದಿ ಮಣ್ಣಿನ ಬಣ್ಣವನ್ನು ಬಿಳಿ ಬೆರೆಸಿ ಬೆರೆಸಿ, ಮೂರು ನಾಲ್ಕು ಹಂತದಲ್ಲಿ, ಪ್ರತಿ ಹಂತದಲ್ಲೂ ಹಿಂದಿನದಕ್ಕಿಂತ ಕಡಿಮೆ ಜಾಗಕ್ಕೆ ಹಚ್ಚುತ್ತಾ ಹೋಗುತ್ತಾರೆ. ಕೊನೆಗೆ ಕಣ್ಣಂಚು, ಮೂಗಿನ ತುದಿ, ಕೆನ್ನೆಮೂಳೆಯ ಮೇಲೆ ಕೂದಲೆಳೆಯಂಥ ಬಿಳಿ ಗೆರೆಗಳು. ಮರಿಯಳ ವಿಷಯದಲ್ಲಿ ತಳದ ಕಂದು ಹೆಚ್ಚು ಉಳಿಯಬೇಕು, ಬೆಳಕು ಎಲುಬಿನ ಮೇಲೆ ಮಾತ್ರ ಬೀಳಬೇಕು. ಅವಸರದ ಕೆಲಸದಲ್ಲಿ ಎರಡೇ ಹಂತಕ್ಕೆ ಮುಗಿಸಿ ಕೆನ್ನೆಗೆ ಕೆಂಪು ಸವರಿರುತ್ತಾರೆ. ಅದು ದೂರದಿಂದಲೇ ಗೊಂಬೆಯ ಮುಖದಂತೆ ಕಾಣುತ್ತದೆ.

ಕೂದಲಿನ ವಿಷಯಕ್ಕೆ ಬಂದರೆ ಕನ್ನಡದವರಿಗೆ ಥಟ್ಟನೆ ಅಕ್ಕಮಹಾದೇವಿಯ ಚಿತ್ರ ನೆನಪಾಗುತ್ತದೆ. ಮೈತುಂಬ ಕೂದಲು ಹೊದ್ದ ಮರಿಯಳೂ ಇದ್ದಾಳೆ, ಆದರೆ ಅದು ಪಶ್ಚಿಮ ಯುರೋಪಿನ ರೂಪ. ಅಲ್ಲಿ ಈಕೆಯ ಕಥೆಯೂ ಯೇಸುವಿನ ಶಿಷ್ಯೆ ಮಗ್ದಲದ ಮರಿಯಳ ಕಥೆಯೂ ಒಂದರೊಳಗೊಂದು ಸೇರಿಹೋದವು. 591ರಲ್ಲಿ ಮಹಾ ಗ್ರೆಗರಿ ಪೋಪರು ಒಂದು ಪ್ರಬೋಧನೆಯಲ್ಲಿ ಮಗ್ದಲದ ಮರಿಯಳನ್ನೂ ಸುವಾರ್ತೆಯ ಹೆಸರಿಲ್ಲದ ಪಾಪಿ ಹೆಂಗಸನ್ನೂ ಒಬ್ಬಳೇ ಎಂದರು. ಮುಂದೆ ಮಗ್ದಲದವಳಿಗೂ ಮರುಭೂಮಿಯ ತಪಸ್ಸು, ಮೈ ಮುಚ್ಚುವ ಕೂದಲು ಅಂಟಿಕೊಂಡವು. ಸುವಾರ್ತೆಯಲ್ಲಿ ಅದಾವುದೂ ಇಲ್ಲ. ಗುರುತು ಹಿಡಿಯಲು ಕೈ ನೋಡಿ: ಸುಗಂಧ ತೈಲದ ಭರಣಿ ಇದ್ದರೆ ಮಗ್ದಲದವಳು, ಮೂರು ರೊಟ್ಟಿ ಇದ್ದರೆ ಈಜಿಪ್ಟಿನವಳು. ಪ್ಯಾರಿಸ್ಸಿನ ಸೇಂಟ್ ಜೆರ್ಮೆನ್ ಲೊಕ್ಸೆರ್ವಾ ಚರ್ಚಿನಲ್ಲಿರುವ 15ನೆಯ ಶತಮಾನದ ಶಿಲ್ಪ ಹೀಗೆ ಕೂದಲು ಹೊದ್ದು ರೊಟ್ಟಿ ಹಿಡಿದ ಮರಿಯಳದು. ಇವೆರಡನ್ನೂ ಬೆರೆಸಿ, ಬಿಜಾಂಟಿಯನ್ ಶೈಲಿಯ ಮುಖಕ್ಕೆ ಮೊಣಕಾಲುದ್ದದ ಹೊಂಗೂದಲು ಇಳಿಬಿಟ್ಟ ಐಕಾನುಗಳು ಮಾರಾಟಕ್ಕೆ ಬರುತ್ತವೆ. ಅವು ಯಾವ ಪರಂಪರೆಗೂ ಸೇರಿದವಲ್ಲ.

ರೊಟ್ಟಿಯ ಲೆಕ್ಕವೂ ಕಥೆಯಲ್ಲಿದೆ. ಶಿಲುಬೆಯ ಹಬ್ಬಕ್ಕೆ ಹಡಗಿನಲ್ಲಿ ಹೊರಟ ಯಾತ್ರಿಕರ ಜೊತೆ ಜೆರುಸಲೇಮಿಗೆ ಹೋದ ಮರಿಯಳಿಗೆ ಚರ್ಚಿನ ಹೊಸ್ತಿಲು ದಾಟಲಾಗುವುದಿಲ್ಲ. ಮೂರು ನಾಲ್ಕು ಸಲ ಜನರ ನಡುವೆ ನುಗ್ಗಿದರೂ ಏನೋ ಹಿಂದಕ್ಕೆ ತಳ್ಳುತ್ತದೆ. ಮೊಗಸಾಲೆಯ ಮೂಲೆಯಲ್ಲಿ ನಿಂತು, ಮೇಲಿದ್ದ ದೇವಮಾತೆಯ ಚಿತ್ರ ನೋಡಿ ಅತ್ತು ಮಾತು ಕೊಟ್ಟ ಮೇಲೆ ದಾರಿ ತೆರೆಯುತ್ತದೆ. ಹೊರಬಂದಾಗ ಯಾರೋ ಕೊಟ್ಟ ಮೂರು ನಾಣ್ಯಕ್ಕೆ ಮೂರು ರೊಟ್ಟಿ ಕೊಂಡು, ಸಂಜೆಯ ಹೊತ್ತಿಗೆ ಯೊರ್ದನ್ ದಡದ ಸ್ನಾನಿಕ ಯೊವಾನ್ನರ ಚರ್ಚು ಮುಟ್ಟಿ, ಪರಮಪ್ರಸಾದ (ಚರ್ಚಿನಲ್ಲಿ ಪವಿತ್ರಗೊಳಿಸಿ ಕೊಡುವ ರೊಟ್ಟಿ, ದ್ರಾಕ್ಷಾರಸ) ಸ್ವೀಕರಿಸಿ, ತಾನು ಕೊಂಡದ್ದರಲ್ಲಿ ಅರ್ಧ ರೊಟ್ಟಿ ತಿಂದು, ಮರುದಿನ ನದಿ ದಾಟುತ್ತಾಳೆ. ಮರುಭೂಮಿಗೆ ಕೊಂಡೊಯ್ದದ್ದು ಎರಡೂವರೆ ರೊಟ್ಟಿ. ಮೊದಲ 17 ವರ್ಷ ಈಜಿಪ್ಟಿನ ಮೀನು, ಮಾಂಸ, ದ್ರಾಕ್ಷಾರಸ, ಬೀದಿ ಹಾಡುಗಳು ನೆನಪಾಗಿ ಮೃಗಗಳಂತೆ ಮೇಲೆ ಬಿದ್ದವು ಎಂದು ಆಕೆಯೇ ಜೋಸಿಮನಿಗೆ ಹೇಳುತ್ತಾಳೆ. ಹಾಳಾದ ವರ್ಷ ಎಷ್ಟೋ ಕಾದಾಡಿದ ವರ್ಷವೂ ಅಷ್ಟೇ. ಈ ಐಕಾನಿನ ಮುಂದೆ ನಿಂತು ಪ್ರಾರ್ಥಿಸುವವರಿಗೆ ಇಡೀ ಕಥೆಯಲ್ಲಿ ಹೆಚ್ಚು ಧೈರ್ಯ ಕೊಡುವ ಅಂಕಿ ಇದೇ.

ಒಂಟಿ ಆಕೃತಿಯ ಐಕಾನ್ ಬೇಕೋ, ಪರಮಪ್ರಸಾದದ ದೃಶ್ಯದ್ದು ಬೇಕೋ ಎಂಬ ಪ್ರಶ್ನೆ ಬಂದರೆ, 24×30ರ ಅಳತೆಗೆ ಎರಡನೆಯದೇ ಮೇಲು. ಜೋಸಿಮ ಬಟ್ಟಲು ಹಿಡಿದು ಬಾಗಿರುತ್ತಾನೆ, ಮರಿಯ ಎದುರಿಗೆ. ಸೈಪ್ರಸ್ಸಿನ ಅಸಿನು ಎಂಬಲ್ಲಿನ ಪುಟ್ಟ ಚರ್ಚಿನಲ್ಲಿ 1105–06ರ ಭಿತ್ತಿಚಿತ್ರಗಳ ನಡುವೆ ಈ ಜೋಡಿ ಗರ್ಭಗುಡಿಯ ಬಳಿಯೇ ಇದೆ, ಪ್ರಸಾದ ಸ್ವೀಕರಿಸಲು ಬರುವವರ ಕಣ್ಣಿಗೆ ಬೀಳುವಂತೆ. ದೃಶ್ಯದ ಹಿಂದಿನ ವಿವರ ಹೀಗೆ: ಮುಂದಿನ ವರ್ಷ ಪವಿತ್ರ ಗುರುವಾರದಂದು ನದಿಯ ಈಚೆ ದಡಕ್ಕೆ ಬಾ ಎಂದು ಆಕೆ ಹೇಳಿರುತ್ತಾಳೆ. ಆತ ಸಣ್ಣ ಬಟ್ಟಲಲ್ಲಿ ಪ್ರಸಾದ, ಬುಟ್ಟಿಯಲ್ಲಿ ಅಂಜೂರ, ಖರ್ಜೂರ, ನೆನೆಸಿದ ಮಸೂರ ಕಾಳು ತಂದಿರುತ್ತಾನೆ. ಆಕೆ ನೀರಿನ ಮೇಲೆ ನಡೆದು ಬಂದು, ವಿಶ್ವಾಸಪ್ರಮಾಣವನ್ನೂ ಪ್ರಭು ಕಲಿಸಿದ ಪ್ರಾರ್ಥನೆಯನ್ನೂ ಹೇಳಿಸಿ, ಪ್ರಸಾದ ಸ್ವೀಕರಿಸಿ, ಬೆರಳ ತುದಿಯಲ್ಲಿ ಮೂರೇ ಕಾಳು ತೆಗೆದುಕೊಳ್ಳುತ್ತಾಳೆ. ಹೆಚ್ಚಿನ ಐಕಾನುಗಳಲ್ಲಿ ಜೋಸಿಮ ಚಮಚದಿಂದ ಕೊಡುತ್ತಾನೆ. ಅದು ಪೂರ್ವದ ಸಭೆಗಳಲ್ಲಿ ಆಮೇಲೆ ನೆಲೆಗೊಂಡ ರೂಢಿ, ದೋಷವೆಂದು ಎಣಿಸಬೇಕಿಲ್ಲ. ದೋಷವೆನ್ನಬೇಕಾದದ್ದು ಜೋಸಿಮನನ್ನು ದೊಡ್ಡದಾಗಿ, ಮರಿಯಳನ್ನು ಮಂಡಿಯೂರಿದ ಪುಟ್ಟ ಆಕೃತಿಯಾಗಿ ಬರೆಯುವುದು. 53 ವರ್ಷ ಮಠದಲ್ಲಿ ಕಳೆದು ತನಗಿನ್ನು ಕಲಿಯುವುದು ಏನಿದೆ ಎಂದುಕೊಂಡಿದ್ದ ಸನ್ಯಾಸಿಗೆ ಆಕೆ ಗುರುವಾದದ್ದೇ ಕಥೆಯ ಜೀವ, ಬಾಗಬೇಕಾದವನು ಆತ.

ಸುತ್ತ ಚಿಕ್ಕ ಚಿಕ್ಕ ದೃಶ್ಯಗಳಿರುವ ಜೀವನ ಐಕಾನನ್ನು 40 ಸೆಂ.ಮೀ.ಗಿಂತ ಕಡಿಮೆ ಎತ್ತರದಲ್ಲಿ ತೆಗೆದುಕೊಳ್ಳುವುದು ವ್ಯರ್ಥ. ಕೊನೆಯ ದೃಶ್ಯದಲ್ಲಿ ಸಿಂಹ ಉಗುರಿನಿಂದ ಗುಂಡಿ ತೋಡುತ್ತದೆ, ಆಕೆಯ ತಲೆಯ ಬಳಿ ನೆಲದ ಮೇಲೆ ಬರಹವಿರುತ್ತದೆ. ಬಡ ಮರಿಯಳ ದೇಹವನ್ನು ಇಲ್ಲೇ ಹೂಳು ಎಂದು ಜೋಸಿಮನನ್ನು ಕೇಳುವ, ಏಪ್ರಿಲ್ 1 ಎಂದು ತಿಥಿ ತಿಳಿಸುವ ಬರಹ ಅದು. ಚಿಕ್ಕ ಹಲಗೆಯಲ್ಲಿ ಸಿಂಹ ಬೆಕ್ಕಾಗುತ್ತದೆ, ಬರಹ ಗೀರಾಗುತ್ತದೆ.

ಹೆಸರು ಓದಿ ನೋಡಿ. ಹೆಸರು ಬರೆಯದ ಐಕಾನ್ ಪೂರ್ತಿಯಾದದ್ದಲ್ಲ ಎಂಬುದು ಪರಂಪರೆಯ ನಿಲುವು. ಗ್ರೀಕಿನಲ್ಲಿ 'ಓಸಿಯಾ ಮರಿಯಾ ಈ ಎಯಿಪ್ತಿಯಾ' ಎಂದಿರುತ್ತದೆ; 'ಓಸಿಯಾ' ಎಂದರೆ ತಪಸ್ಸಿನ ಬಾಳಿನಿಂದ ಪಾವನಳಾದವಳು. ಸ್ಲಾವೊನಿಕ್‌ನಲ್ಲಿ 'ಪ್ರೆಪೊದೊಬ್ನಯಾ'. ಅಂದಹಾಗೆ ಐಕಾನನ್ನು 'ಬರೆಯುತ್ತಾರೆ' ಎನ್ನುವುದು ಕನ್ನಡಕ್ಕೆ ಹೊಸದಲ್ಲ. ನಾವು ಚಿತ್ರ ಬರೆಯುವಂತೆಯೇ ಗ್ರೀಕರಿಗೂ ಬರೆಯುವುದಕ್ಕೂ ಚಿತ್ರಿಸುವುದಕ್ಕೂ ಒಂದೇ ಕ್ರಿಯಾಪದ.

ಈಗ ಹಲಗೆ. ತಿರುಗಿಸಿ ಹಿಂಬದಿ ನೋಡಿ. ದಪ್ಪ 2ರಿಂದ 3 ಸೆಂ.ಮೀ. ಇರಬೇಕು, ಗಂಟುಗಳಿರಬಾರದು, ಅಡ್ಡಲಾಗಿ ಎರಡು ಪಟ್ಟಿ ಕೂರಿಸಿರಬೇಕು. ಮರ ಅರಳುವುದು, ಕುಗ್ಗುವುದು ಎಳೆಗೆ ಅಡ್ಡವಾಗಿ. ಮುಂದುಗಡೆ ಬಣ್ಣ ಮುಚ್ಚಿರುವುದರಿಂದ ತೇವ ಹಿಂಬದಿಯಿಂದ ಮಾತ್ರ ಹೋಗಿಬಂದು ಹಲಗೆ ಬಿಲ್ಲಿನಂತೆ ಬಾಗುತ್ತದೆ. ಪಟ್ಟಿ ಇರುವುದು ಅದನ್ನು ತಡೆಯಲು. ಆದರೆ ಪಟ್ಟಿಯನ್ನು ಅಂಟು ಹಾಕಿ ಬಿಗಿದಿರಬಾರದು. ಕೊರೆದ ತೋಡಿನಲ್ಲಿ ಜಾರುವಂತಿರಬೇಕು. ಅಂಟಿಸಿ ಬಿಗಿದರೆ ಮರಕ್ಕೆ ಚಲಿಸಲು ಜಾಗವಿಲ್ಲದೆ ಸೀಳುತ್ತದೆ, ಸೀಳು ನೇರವಾಗಿ ಮುಖದ ಮೇಲೇ ಹಾಯಬಹುದು.

ಮರಕ್ಕೂ ಬಣ್ಣಕ್ಕೂ ನಡುವೆ ಇರುವುದು ನಾರುಬಟ್ಟೆ ಮತ್ತು ಸೀಮೆಸುಣ್ಣದ ತಳ. ಮೊಲದ ಚರ್ಮದ ಒಣ ಅಂಟು 1 ಪಾಲಿಗೆ ನೀರು ಸುಮಾರು 10 ಪಾಲು. ರಾತ್ರಿ ನೆನೆಸಿ, ಬಿಸಿನೀರಿನ ಪಾತ್ರೆಯೊಳಗಿಟ್ಟು ಕರಗಿಸುತ್ತಾರೆ. ಕುದಿಸಿದರೆ ಅಂಟಿನ ಶಕ್ತಿಯೇ ಹೋಗುತ್ತದೆ. ಅದಕ್ಕೆ ಸೀಮೆಸುಣ್ಣದ ಪುಡಿ ಉದುರಿಸಿ ಕೆನೆಯ ಹದಕ್ಕೆ ತಂದು, ತೆಳ್ಳಗೆ 8ರಿಂದ 12 ಪದರ ಹಚ್ಚಿ, ಒಣಗಿಸಿ, ದಂತದಂತೆ ಉಜ್ಜುತ್ತಾರೆ. ಇಲ್ಲಿ ಮಾಡಿದ ತಪ್ಪು ಅಂಗಡಿಯಲ್ಲಿ ಕಾಣುವುದಿಲ್ಲ, ಎರಡು ವರ್ಷದ ಮೇಲೆ ಕಾಣುತ್ತದೆ. ಮೇಲಿನ ಪದರದ ಅಂಟು ಕೆಳಗಿನದಕ್ಕಿಂತ ಗಟ್ಟಿಯಾಗಿದ್ದರೆ ಅದು ಒಣಗುತ್ತಾ ಎಳೆದು, ಕೆರೆಯ ಕೆಸರು ಬಿರಿದಂತೆ ಬಿರಿಯುತ್ತದೆ. ಜೋರಾಗಿ ಕಲಕಿ ಗಾಳಿಗುಳ್ಳೆ ಸೇರಿದ್ದರೆ ಸೂಜಿಮೊನೆಯಂಥ ತೂತುಗಳು. ಪರೀಕ್ಷೆ ಹೀಗೆ ಮಾಡಿ: ಹಲಗೆಯನ್ನು ಕಿಟಕಿಯ ಪಕ್ಕಕ್ಕೆ ಹಿಡಿದು ಬೆಳಕು ಓರೆಯಾಗಿ ಬೀಳುವಂತೆ ನೋಡಿ, ತೂತು, ಉಬ್ಬು, ತರಿ ಎಲ್ಲ ಎದ್ದು ಕಾಣುತ್ತವೆ. ಬೆರಳ ಗೆಣ್ಣಿನಿಂದ ಮೆಲ್ಲಗೆ ತಟ್ಟಿದಾಗ ಎಲ್ಲಾದರೂ ಟೊಳ್ಳು ಸದ್ದು ಬಂದರೆ ತಳ ಮರವನ್ನು ಬಿಟ್ಟಿದೆ ಎಂದೇ ಅರ್ಥ.

ಚಿನ್ನ ಈ ಸಂತಳಿಗೆ ಕಡಿಮೆ ಇದ್ದಷ್ಟೂ ಒಳ್ಳೆಯದು. ಪ್ರಭಾವಳಿಗೆ ಸಾಕು, ಹಿನ್ನೆಲೆ ಹಳದಿ ಮಣ್ಣಿನ ಬಣ್ಣದಲ್ಲಿದ್ದರೆ ಮರುಭೂಮಿಗೂ ಹೊಂದುತ್ತದೆ, ಬೆಲೆಯೂ ಇಳಿಯುತ್ತದೆ. ಚಿನ್ನದ ರೇಕು ಸಾಮಾನ್ಯವಾಗಿ 8 ಸೆಂ.ಮೀ. ಚೌಕ. ದೊಡ್ಡ ಹಿನ್ನೆಲೆಯಲ್ಲಿ ರೇಕಿನ ಮೇಲೆ ರೇಕು ಕೂತ ಗೆರೆ ತುಸು ಕಾಣುವುದು ಸಹಜ. ರೇಕಿನ ಜಾಗದಲ್ಲಿ ಹಿತ್ತಾಳೆಯ ಹಾಳೆ ಹಚ್ಚಿದ್ದರೆ ಹೊಸದರಲ್ಲಿ ಅದೇ ಹೆಚ್ಚು ಹೊಳೆಯುತ್ತದೆ, ಆಮೇಲೆ ಕಪ್ಪಾಗುತ್ತದೆ, ಹಸಿರುಗಟ್ಟುತ್ತದೆ. ಕರಾವಳಿಯ ಉಪ್ಪುಗಾಳಿಗೆ ಅದು ಇನ್ನೂ ಬೇಗ. ಬಿಲ್ಲಿನಲ್ಲಿ ಯಾವ ಲೋಹವೆಂದು ಬರೆಸಿಕೊಳ್ಳಿ.

ಅಚ್ಚಿನ ಪ್ರತಿಯನ್ನು ಕೀಳಾಗಿ ಕಾಣುವ ಅಗತ್ಯವಿಲ್ಲ. ಅದರ ಮುಂದೆ ಮಾಡಿದ ಪ್ರಾರ್ಥನೆಯೂ ಪ್ರಾರ್ಥನೆಯೇ. ಆದರೆ ಅದನ್ನು ಅಚ್ಚೆಂದೇ ಮಾರಬೇಕು. ಭೂತಗನ್ನಡಿಯಲ್ಲಿ ನೋಡಿದಾಗ ಬಣ್ಣಗಳು ಚುಕ್ಕೆಚುಕ್ಕೆಯಾಗಿ ಒಡೆದರೆ ಅದು ಅಚ್ಚು. ಕುಂಚದ ಎಳೆ ಒಂದರ ಮೇಲೊಂದು ಕೂತಿದ್ದರೆ ಕೈಬರಹ. ಕಣ್ಣು ಮತ್ತು ಹೆಸರಿನ ಅಕ್ಷರ ಈ ಪರೀಕ್ಷೆಗೆ ಒಳ್ಳೆಯ ಜಾಗ, ಏಕೆಂದರೆ 'ಕೈಕೆಲಸ' ಮಾಡುವವರು ಬಟ್ಟೆಯ ಮಡಿಕೆ, ಪ್ರಭಾವಳಿಯ ಮೇಲೆ ಮಾತ್ರ ಕುಂಚ ಆಡಿಸಿ ಮುಖ ಮುಟ್ಟುವುದಿಲ್ಲ. ಹಲಗೆ ಯಾವುದರದ್ದೆಂದೂ ಕೇಳಿ. ಒತ್ತಿದ ಮರದ ಪುಡಿಯ ಹಲಗೆ ಒಂದೆರಡು ಮಳೆಗಾಲಕ್ಕೆ ಅಂಚಿನಲ್ಲಿ ಉಬ್ಬಿ, ಮೇಲಿನ ಕಾಗದ ಏಳುತ್ತದೆ.

ಇಷ್ಟು ದೂರದಿಂದ ತರಿಸಿಕೊಂಡ ಕೈಬರಹದ ಐಕಾನ್ ಮಂಗಳೂರು, ಉಡುಪಿ, ಕಾರವಾರದ ಮನೆಗೆ ಬಂದರೆ ಅದರ ಶತ್ರು ಜೂನ್‌ನಿಂದ ಸೆಪ್ಟೆಂಬರ್. ಮೊಟ್ಟೆ, ಪ್ರಾಣಿಜನ್ಯ ಅಂಟು ಎರಡೂ ಬೂಷ್ಟಿಗೆ ಹಬ್ಬದೂಟ; ಲಿಂಡೆನ್ ಮೆದು ಮರ, ಹುಳಕ್ಕೆ ಸುಲಭದ ತುತ್ತು. ಮಳೆ ಹೊಡೆಯುವ ಹೊರಗೋಡೆಗೆ ತೂಗುಹಾಕಬೇಡಿ. ಒಳಗೋಡೆಯಾದರೂ ಹಿಂದೆ ಒಂದೆರಡು ಸೆಂ.ಮೀ. ಗಾಳಿ ಆಡುವಂತೆ ಕೆಳಗಿನ ಮೂಲೆಗಳಿಗೆ ಬಿರಡೆ ಚೂರು ಅಂಟಿಸಿ. ಮಳೆಗಾಲಕ್ಕೆಂದು ಪ್ಲಾಸ್ಟಿಕ್‌ನಲ್ಲಿ ಸುತ್ತಿ ಕಪಾಟಿನಲ್ಲಿಡುವುದು ಎಲ್ಲಕ್ಕಿಂತ ಕೆಟ್ಟದ್ದು, ತೇವ ಒಳಗೇ ಉಳಿಯುತ್ತದೆ. ಹವಾನಿಯಂತ್ರಕದ ಗಾಳಿ ನೇರವಾಗಿ ಬೀಳುವ ಜಾಗವೂ ಬೇಡ, ಏಕೆಂದರೆ ಒಮ್ಮೆಲೇ ಒಣಗಿದರೆ ಮರ ಕುಗ್ಗಿ ತಳ ಬಿರಿಯುತ್ತದೆ. ಹಿಂಬದಿಯಲ್ಲಿ ಹಿಟ್ಟಿನಂಥ ಪುಡಿ ಉದುರುತ್ತಿದ್ದರೆ ಹುಳ ಬದುಕಿದೆ. ಸೀಮೆಎಣ್ಣೆ ಸುರಿಯದೆ, ಐಕಾನನ್ನು ಬೇರೆ ಮರದ ಸಾಮಾನಿನಿಂದ ದೂರವಿಟ್ಟು, ಚಿತ್ರ ಸಂರಕ್ಷಣೆ ಬಲ್ಲವರಿಗೆ ತೋರಿಸಿ.

ಧೂಳಿಗೆ ಒಣಗಿದ ಮೆತ್ತನೆಯ ಕುಂಚ ಸಾಕು. ಒದ್ದೆ ಬಟ್ಟೆ, ಕೊಬ್ಬರಿ ಎಣ್ಣೆ, ಗಾಜು ಒರೆಸುವ ದ್ರವ ಯಾವುದೂ ಬೇಡ. ಮೊಟ್ಟೆಯ ಬಣ್ಣ ಪೂರ್ತಿ ಗಟ್ಟಿಯಾಗಲು ತಿಂಗಳುಗಳೇ ಬೇಕು. ಹೊಸ ಐಕಾನಿನ ಮೇಲೆ ಉಗುರು ತಾಗಿದರೂ ಗೀರು ಬೀಳುತ್ತದೆ. ಮೇಲಿನ ಲೇಪ ಸಾಂಪ್ರದಾಯಿಕ ಅಗಸೆ ಎಣ್ಣೆಯದಾಗಿದ್ದರೆ ಬಣ್ಣಕ್ಕೆ ಆಳ ಬರುತ್ತದೆ, ಆದರೆ ದಶಕಗಳು ಕಳೆದಂತೆ ಅದು ಕಪ್ಪಾಗುತ್ತದೆ. ಎಣ್ಣೆ ದೀಪದ ಮಸಿಯೂ ಊದುಬತ್ತಿಯ ಹೊಗೆಯೂ ಸೇರಿದರೆ ಇನ್ನೂ ಬೇಗ. ದೀಪವನ್ನು ಐಕಾನಿನ ನೇರ ಕೆಳಗಲ್ಲದೆ ಒಂದು ಮೊಳ ಮುಂದಕ್ಕೆ ಇಡಿ. ಮುತ್ತಿಡುವ ಸಂಪ್ರದಾಯವಿರುವ ಮನೆಯಲ್ಲಿ ಮುತ್ತು ಕೈಗೆ, ಪಾದಕ್ಕೆ, ಬಟ್ಟೆಯಂಚಿಗೆ, ಮುಖಕ್ಕಲ್ಲ.

ಹೊರಗಿನಿಂದ ತರಿಸುವುದಾದರೆ ತಪಸ್ಸುಕಾಲ (ಈಸ್ಟರ್‌ಗೆ ಮುಂಚಿನ ಉಪವಾಸದ ವಾರಗಳು) ಶುರುವಾಗುವ ಹೊತ್ತಿಗೆ ಕೈಸೇರುವಂತೆ ಬಹಳ ಮುಂಚೆಯೇ ಹೇಳಿಡಿ. ತಳ ಒಣಗುವುದಕ್ಕೇ ವಾರಗಳು ಹಿಡಿಯುತ್ತವೆ, ಅವಸರಪಡಿಸಿದ ಕಮ್ಮಟ ಕಡಿತ ಮಾಡುವುದು ಅಲ್ಲಿಯೇ. ಹಬ್ಬ ಏಪ್ರಿಲ್ 1. ಹಳೆಯ (ಜೂಲಿಯನ್) ಪಂಚಾಂಗ ಅನುಸರಿಸುವ ಸಭೆಗಳಿಗೆ ಅದು ನಮ್ಮ ಏಪ್ರಿಲ್ 14ಕ್ಕೆ ಬೀಳುತ್ತದೆ. ಆರ್ಥಡಾಕ್ಸ್ ಸಭೆಗಳಲ್ಲಿ ತಪಸ್ಸುಕಾಲದ 5ನೆಯ ಭಾನುವಾರವೂ ಆಕೆಯದೇ. ಆ ಭಾನುವಾರಕ್ಕೆ ಮುಂಚಿನ ಗುರುವಾರದ ಬೆಳಗಿನ ಪ್ರಾರ್ಥನೆಯನ್ನು ಸಾಮಾನ್ಯವಾಗಿ ಬುಧವಾರ ಸಂಜೆಯೇ ನಡೆಸುತ್ತಾರೆ. ಅಂದು ಕ್ರೀಟಿನ ಅಂದ್ರೆಯರ ಮಹಾ ಕಾನೊನ್ ಎಂಬ ದೀರ್ಘ ಪಶ್ಚಾತ್ತಾಪದ ಸ್ತೋತ್ರವನ್ನು ಪೂರ್ತಿ ಹಾಡಿ, ನಡುವೆ ಮರಿಯಳ ಜೀವನವನ್ನು ಎರಡು ಭಾಗವಾಗಿ ಗಟ್ಟಿಯಾಗಿ ಓದುತ್ತಾರೆ. ರಷ್ಯನ್ನರು ಇದನ್ನು 'ಮರಿಯಳ ನಿಲುವು' ಎನ್ನುತ್ತಾರೆ. ಗಂಟೆಗಟ್ಟಲೆ ನಿಂತು ಕೇಳಬೇಕಾದದ್ದರಿಂದ ಆ ಹೆಸರು. ಮನೆಯಲ್ಲಿ ಐಕಾನನ್ನು ಗೋಡೆಯಿಂದ ಇಳಿಸಿ ಪೀಠದ ಮೇಲಿಡುವುದಾದರೆ ಆ ಸಂಜೆಗೆ ಇಡಿ. ಎರಡೂ ಕೈಯಿಂದ ಅಂಚು ಹಿಡಿದೇ ಎತ್ತಿ, ಹಿಂಬದಿಯ ಪಟ್ಟಿ ಹಿಡಿದು ಎತ್ತಬೇಡಿ; ಅದು ಜಾರಲೆಂದೇ ಇರುವುದು.